ಚಿಕ್ಕಪ್ಪನ ತಲೆಯಲ್ಲಿದ್ದ ಲೆಕ್ಕ ಕಾರ್ಟಿಗೆ ಹೇಗೆ ಗೊತ್ತಾಗಬೇಕು?

ಗಾಂಧಿ ಬಜಾರಿನ ಹತ್ತಿರ ಒಂದು ಅಡ್ಡರಸ್ತೆಯಲ್ಲಿ ನನ್ನ ಚಿಕ್ಕಪ್ಪನ ಕಾಂಡಿಮೆಂಟ್ಸ್ ಅಂಗಡಿ ಇದೆ. ಚಟ್ನಿಪುಡಿ, ಹುಳಿಪುಡಿ, ನಿಪ್ಪಟ್ಟು, ಕೋಡುಬಳೆ, ಉಪ್ಪಿನಕಾಯಿ. ಇಬ್ಬರು ಒಟ್ಟಿಗೆ ನಿಂತರೆ ಮೂರನೆಯವರು ಫುಟ್‌ಪಾತಿನಲ್ಲೇ ನಿಲ್ಲಬೇಕು, ಅಷ್ಟು ಜಾಗ. ಅದಕ್ಕೊಂದು ವೆಬ್‌ಸೈಟ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಮನೆಯಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವವನು ನಾನೊಬ್ಬನೇ. ಕೋಡ್ ಬರೆಯುವವನಿಗೆ ಪ್ರಿಂಟರ್ ರಿಪೇರಿಯೂ ಬರಲೇಬೇಕು ಎಂದು ನಂಬಿದ ಕುಟುಂಬ ನಮ್ಮದು.

ಎರಡು ದಿನದಲ್ಲಿ ಸೈಟು ಸಿದ್ಧವಾಯಿತು. ಫೋಟೊ, ಬೆಲೆ, ‘ಕಾರ್ಟಿಗೆ ಸೇರಿಸಿ’ ಬಟನ್ ಎಲ್ಲ ಬಂತು. ಚಿಕ್ಕಪ್ಪ ಕನ್ನಡಕ ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

“ಚೆನ್ನಾಗಿದೆ ಕಣೋ. ಆದ್ರೆ ಶಿವಮೊಗ್ಗದೋರು ಒಂದು ಕೆಜಿ ನಿಪ್ಪಟ್ಟು ಕೇಳಿದ್ರೆ ನಾನು ಡಬ್ಬದಲ್ಲಿ ಹಾಕಿ ಕಳಿಸ್ತೀನಿ. ಕವರಲ್ಲಿ ಹಾಕಿದ್ರೆ ಅಲ್ಲಿಗೆ ಪುಡಿ ತಲುಪತ್ತೆ. ಡಬ್ಬಕ್ಕೆ ಕೊರಿಯರ್ ಜಾಸ್ತಿ. ಅದು ಇದಕ್ಕೆ ಗೊತ್ತಾ?”

ಗೊತ್ತಿರಲಿಲ್ಲ. ಕಾರ್ಟ್ ತಂತ್ರಾಂಶವನ್ನು ಅಂಗಡಿಗೆ ತಕ್ಕಂತೆ ಬದಲಿಸಿಕೊಳ್ಳುವುದು ಅಂದರೆ ಬಣ್ಣ, ಬ್ಯಾನರು ಎಂದುಕೊಂಡಿದ್ದೆ. ಗಲ್ಲಾದ ಹಿಂದೆ ಕೂತವರು ಮೂವತ್ತು ವರ್ಷದಿಂದ ಬಾಯಿಲೆಕ್ಕದಲ್ಲಿ ನಡೆಸಿಕೊಂಡು ಬಂದ ನಿಯಮಗಳನ್ನು ಯಂತ್ರಕ್ಕೆ ಕಲಿಸುವುದೇ ಅದರ ಮುಕ್ಕಾಲು ಭಾಗ ಎಂದು ಆಮೇಲೆ ತಿಳಿಯಿತು.

ಮೊದಲು, ಕಾರ್ಟ್ ಅಂದರೇನು ನೋಡೋಣ. ಕೊಳ್ಳಬೇಕೆಂದು ಆರಿಸಿದ್ದನ್ನೆಲ್ಲ ಹಾಕಿಡುವ ಆನ್‌ಲೈನ್ ಬುಟ್ಟಿ ಅದು. ವೆಬ್ ಹುಟ್ಟಾ ಮರೆಗುಳಿ. ನೀವು ಒಂದು ಪುಟ ಕೇಳುತ್ತೀರಿ, ಸರ್ವರ್ (ಸೈಟು ಕೂತಿರುವ ಕಂಪ್ಯೂಟರ್) ಕೊಡುತ್ತದೆ, ಮರುಕ್ಷಣ ನಿಮ್ಮನ್ನು ಮರೆಯುತ್ತದೆ. ಮುಂದಿನ ಪುಟ ಕೇಳಿದಾಗ ನೀವು ಅದಕ್ಕೆ ಹೊಸಬರು. ಹೀಗಿದ್ದರೆ ಅರ್ಧ ಕೆಜಿ ಚಟ್ನಿಪುಡಿ ಆರಿಸಿ ಉಪ್ಪಿನಕಾಯಿ ನೋಡಲು ಹೋದವರ ಚಟ್ನಿಪುಡಿ ಮಾಯ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಲೂ ಮಾಂಟುಲಿ ಇದಕ್ಕೆ ‘ಕುಕೀ’ ಎಂಬ ಉಪಾಯ ಕಂಡುಹಿಡಿದರು. ಚಪ್ಪಲಿ ಬಿಡುವ ಕಡೆ ಕೊಡುವ ಟೋಕನ್ ಇದ್ದಂತೆ: ಸಂಖ್ಯೆ ನಿಮ್ಮ ಬ್ರೌಸರಿನ ಹತ್ತಿರ, ಸಾಮಾನು ಸರ್ವರಿನ ಹತ್ತಿರ. ಅವರ ಮುಂದೆ ಆಗ ಇದ್ದ ಸಮಸ್ಯೆಯೂ ಆನ್‌ಲೈನ್ ಅಂಗಡಿಯ ಬುಟ್ಟಿಯದೇ. ಇವತ್ತು ಎಲ್ಲರೂ ಬೈಯುವ ಕುಕೀ ಹುಟ್ಟಿದ್ದು ಇಂಥ ಕೆಲಸಕ್ಕೆ.

ಆ ಟೋಕನ್ನಿನ ಹಿಂದೆ ಸರ್ವರಿನಲ್ಲಿರುವುದು ಒಂದು ಚೀಟಿ: ಯಾವ ಸಾಮಾನು, ಎಷ್ಟು. ಬೆಲೆಯನ್ನು ಆ ಚೀಟಿಯಲ್ಲಿ ಗ್ರಾಹಕರ ಕಡೆಯಿಂದ ಬರೆಸಿಕೊಳ್ಳಬಾರದು. ಬ್ರೌಸರಿನಿಂದ ಬರುವ ಯಾವ ಸಂಖ್ಯೆಯನ್ನೂ, ಸ್ವಲ್ಪ ತಿಳಿದವರು ಯಾರು ಬೇಕಾದರೂ, ತಿದ್ದಿ ಕಳಿಸಬಹುದು. ಬೆಲೆ, ರಿಯಾಯಿತಿ, ಸಾಗಣೆ ಮೂರನ್ನೂ ಸರ್ವರೇ ತನ್ನ ಪಟ್ಟಿ ನೋಡಿ ಲೆಕ್ಕ ಹಾಕಬೇಕು. ಹೆಸರಾಂತ ತಂತ್ರಾಂಶಗಳೆಲ್ಲ ಹೀಗೇ ಮಾಡುತ್ತವೆ. ನಾವು ಬುದ್ಧಿ ಓಡಿಸಿ ಸೇರಿಸುವ ನಾಲ್ಕು ಸಾಲಿನಲ್ಲೇ ತೂತು ಬೀಳುವುದು.

ಬಾಡಿಗೆ ಮನೆಯ ಗೋಡೆ

ಸಣ್ಣ ಅಂಗಡಿಯವರಿಗೆ ಸಿಗುವ ತಂತ್ರಾಂಶಗಳಲ್ಲಿ ಎರಡು ಬಗೆ. ಕೆನಡಾ ಮೂಲದ ಶಾಪಿಫೈ ಥರದ್ದು ತಿಂಗಳ ಬಾಡಿಗೆಯದು. ಸರ್ವರ್, ಭದ್ರತೆ, ಅಪ್‌ಡೇಟ್ ಎಲ್ಲ ಅವರೇ ನೋಡಿಕೊಳ್ಳುತ್ತಾರೆ, ಆದರೆ ವಿಳಾಸ ಬರೆದು ದುಡ್ಡು ಕಟ್ಟುವ ಚೆಕ್‌ಔಟ್ ಪುಟದ ಒಳಗೆ ಕೈಯಾಡಿಸಲು ದುಬಾರಿ ಯೋಜನೆಯೇ ಬೇಕು. ಇನ್ನೊಂದು, ಸೈಟು ಕಟ್ಟುವ ವರ್ಡ್‌ಪ್ರೆಸ್ ತಂತ್ರಾಂಶದ ಮೇಲೆ ಕೂರುವ, 2011ರಲ್ಲಿ ಬಂದ ವೂಕಾಮರ್ಸ್ ಥರದ ಮುಕ್ತ ತಂತ್ರಾಂಶ. ದುಡ್ಡಿಲ್ಲ, ಎಲ್ಲ ಕೋಡೂ ಕಣ್ಣ ಮುಂದೆಯೇ ಇದೆ, ಹಾಳು ಮಾಡುವ ಸ್ವಾತಂತ್ರ್ಯವೂ ಪೂರ್ತಿ ನಮ್ಮದೇ. ನಾನು ಆರಿಸಿದ್ದು ಎರಡನೆಯದನ್ನು. ಆಮೇಲೆ ಕೆಲವು ರಾತ್ರಿ ಹಳಹಳಿಸಿದ್ದೂ ಉಂಟು.

ಎಲ್ಲಿ ಕೈ ಹಾಕಬೇಕು ಎಂಬುದನ್ನು ನನ್ನ ತಪ್ಪಿನಿಂದಲೇ ಹೇಳುತ್ತೇನೆ. ಡಬ್ಬದ ಲೆಕ್ಕಕ್ಕಾಗಿ ನಾನು ಸಾಗಣೆಯ ಕಡತವನ್ನು ಹುಡುಕಿ, ತಂತ್ರಾಂಶದ ಮೂಲ ಕೋಡಿನೊಳಗೇ ಎಂಟು ಸಾಲು ತುರುಕಿದೆ. ಕೆಲಸ ಮಾಡಿತು. ಮೂರು ವಾರದ ಮೇಲೆ ಭದ್ರತಾ ಅಪ್‌ಡೇಟ್ ಬಂತು, ಒತ್ತಿದೆ. ಅಪ್‌ಡೇಟ್ ಅಂದರೆ ಹಳೆಯ ಕಡತ ತೆಗೆದು ಹೊಸ ಕಡತ ಇಡುವುದು. ನನ್ನ ಎಂಟು ಸಾಲೂ ಹಳೆಯದರ ಜೊತೆ ಹೋಯಿತು. ಯಾವ ಎಚ್ಚರಿಕೆಯೂ ಬರಲಿಲ್ಲ. ತಂತ್ರಾಂಶದ ಪ್ರಕಾರ ಎಲ್ಲ ಸರಿಯಾಗಿಯೇ ಇತ್ತು. ಒಂದು ವಾರ ಹೊರ ಊರಿನ ಪಾರ್ಸಲ್ಲಿಗೆಲ್ಲ ಕವರಿನ ರೇಟು ಬಿತ್ತು, ಡಬ್ಬದ ದುಡ್ಡು ಅಂಗಡಿಯ ಮೇಲೆ ಬಿತ್ತು. ಚಿಕ್ಕಪ್ಪ ಏನೂ ಅನ್ನಲಿಲ್ಲ. ಕೊರಿಯರ್ ರಸೀತಿಗಳನ್ನು ರಬ್ಬರ್ ಬ್ಯಾಂಡ್ ಹಾಕಿ ನನ್ನ ಮುಂದೆ ಇಟ್ಟರು, ಅಷ್ಟೆ.

ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಗೋಡೆಗೆ ಮೊಳೆ ಹೊಡೆಯಬಾರದು, ಮಾಲೀಕರು ಸುಣ್ಣಬಣ್ಣ ಮಾಡಿಸಿದರೆ ಕಿತ್ತುಹಾಕುತ್ತಾರೆ. ಆದರೆ ಒಳ್ಳೆಯ ಮಾಲೀಕರು ಬೇಕಾದ ಕಡೆ ತಾವೇ ಮೊಳೆ ಹೊಡೆಸಿಟ್ಟಿರುತ್ತಾರೆ. ಕ್ಯಾಲೆಂಡರೋ ದೇವರ ಪಟವೋ ನಿಮ್ಮಿಷ್ಟ. ಕಾರ್ಟ್ ತಂತ್ರಾಂಶದಲ್ಲಿ ಈ ಮೊಳೆಗಳಿಗೆ ‘ಹುಕ್’ ಎಂದು ಹೆಸರು. “ಸಾಗಣೆ ದರ ಲೆಕ್ಕ ಹಾಕಿದ್ದೇನೆ, ಗ್ರಾಹಕರಿಗೆ ತೋರಿಸುವ ಮುಂಚೆ ಯಾರಾದರೂ ಏನಾದರೂ ಬದಲಿಸುವುದಿದೆಯೇ?” ಎಂದು ತಂತ್ರಾಂಶ ಕೇಳುವ ಜಾಗ ಅದು. ನಮ್ಮ ಕೋಡನ್ನು ಪ್ರತ್ಯೇಕವಾದ ಪುಟ್ಟ ಪ್ಲಗಿನ್ನಿನಲ್ಲಿ (ಮೂಲ ತಂತ್ರಾಂಶಕ್ಕೆ ಹೊರಗಿನಿಂದ ಸೇರಿಸುವ ತುಣುಕಿನಲ್ಲಿ) ಇಟ್ಟು ಆ ಹುಕ್ಕಿಗೆ ತಗುಲಿಸಿದರೆ ಮೂಲ ಕಡತ ಎಷ್ಟು ಸಲ ಬದಲಾದರೂ ನಮ್ಮದು ಉಳಿಯುತ್ತದೆ. ಪುಟದ ನೋಟಕ್ಕೂ ಇದೇ ನ್ಯಾಯ: ಥೀಮನ್ನು ನೇರ ತಿದ್ದದೆ ‘ಚೈಲ್ಡ್ ಥೀಮ್’ ಮಾಡಿಕೊಂಡು, ಬೇಕಾದ ಭಾಗವನ್ನಷ್ಟೇ ಅದರಲ್ಲಿ ಬರೆಯುವುದು.

ಕೋಡ್ ಬರೆಯುವ ಮೊದಲು ಸೆಟ್ಟಿಂಗ್ಸ್ ಪುಟಗಳನ್ನು ಒಮ್ಮೆ ತಾಳ್ಮೆಯಿಂದ ಓದಿ. ನಾನು ಬರೆದ ಕೋಡಿನ ಅರ್ಧದಷ್ಟು ಕೆಲಸ ಅಲ್ಲಿ ಒಂದು ಟಿಕ್ ಮಾರ್ಕಿನಲ್ಲಿ ಆಗುತ್ತಿತ್ತು. ಇನ್ನೊಂದು ಮಾತು. ವೂಕಾಮರ್ಸ್ 2023ರ ಕೊನೆಯಿಂದ ಹೊಸ ಅಂಗಡಿಗಳಿಗೆ, ತುಂಡುತುಂಡಾಗಿ ಜೋಡಿಸುವ ‘ಬ್ಲಾಕ್’ ಮಾದರಿಯ ಚೆಕ್‌ಔಟ್ ಕೊಡುತ್ತಿದೆ. ಹಳೆಯ ಚೆಕ್‌ಔಟಿನ ಎಷ್ಟೋ ಹುಕ್‌ಗಳು ಇದರಲ್ಲಿ ಇಲ್ಲ. ಇಂಟರ್ನೆಟ್ಟಿನಲ್ಲಿ ಸಿಕ್ಕ ಹಳೆಯ ಕೋಡನ್ನು ಅಂಟಿಸಿ, ಏನೂ ಆಗಲಿಲ್ಲ ಎಂದು ತಲೆ ಕೆರೆದುಕೊಳ್ಳುವವರು ಮೊದಲು ತಮ್ಮದು ಯಾವ ಚೆಕ್‌ಔಟ್ ಎಂದು ನೋಡಿಕೊಳ್ಳಲಿ.

ಹೆಸರು, ವಿಳಾಸ, ಡಬ್ಬ

ಸಿದ್ಧ ಫಾರ್ಮಿನಲ್ಲಿ ಮೊದಲ ಹೆಸರು, ಕೊನೆಯ ಹೆಸರು ಎರಡೂ ಕಡ್ಡಾಯ. ನಮ್ಮ ಕಡೆ ಎಷ್ಟೋ ಜನಕ್ಕೆ ಕೊನೆಯ ಹೆಸರು ಅನ್ನುವುದೇ ಇಲ್ಲ. ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಆಮೇಲೆ ಹೆಸರು. ನಮ್ಮ ಚಿಕ್ಕಮ್ಮ ಪರೀಕ್ಷೆಗೆಂದು ಆರ್ಡರ್ ಮಾಡಿದಾಗ ಆ ಜಾಗದಲ್ಲಿ ಒಂದು ಚುಕ್ಕಿ ಇಟ್ಟರು. ಪಾರ್ಸಲ್ಲಿನ ಮೇಲೂ ಹೆಸರು, ಮುಂದೆ ಚುಕ್ಕಿ. ಎರಡನ್ನೂ ತೆಗೆದು ‘ಪೂರ್ತಿ ಹೆಸರು’ ಎಂದು ಒಂದೇ ಖಾನೆ ಮಾಡಿದೆ. ವಿಳಾಸಕ್ಕೆ ‘ಗುರುತು’ ಎಂದು ಒಂದು ಖಾನೆ ಸೇರಿಸಿದೆ. ಏಳನೇ ಅಡ್ಡರಸ್ತೆ ಈ ಊರಲ್ಲಿ ಬಡಾವಣೆಗೊಂದು ಇದೆ. ‘ಗಣೇಶನ ಗುಡಿ ಎದುರು, ನೀಲಿ ಗೇಟು’ ಅನ್ನುವುದು ಒಂದೇ ಒಂದು. ಕಂಪನಿ ಹೆಸರು, ಎರಡನೇ ವಿಳಾಸದ ಸಾಲು ಮುಂತಾದವನ್ನು ತೆಗೆದುಹಾಕಿದೆ. ಫೋನಿನಲ್ಲಿ ಹೆಬ್ಬೆರಳಿನಿಂದ ತುಂಬಿಸುವವರಿಗೆ ಒಂದೊಂದು ಖಾನೆಯೂ ಒಂದು ಮೆಟ್ಟಿಲು.

ಸಾಗಣೆಗೆ ಆಧಾರ ಪಿನ್ ಕೋಡ್. 1972ರ ಆಗಸ್ಟ್ 15ರಿಂದ ಬಳಕೆಯಲ್ಲಿರುವ ಈ ಆರಂಕಿ ಸಂಖ್ಯೆ ಊರಿನ ಹೆಸರಿಗಿಂತ ನಂಬಿಕಸ್ಥ; ಒಬ್ಬರು ಬೆಂಗಳೂರು ಅಂತಾರೆ, ಇನ್ನೊಬ್ಬರು ಬ್ಯಾಂಗಲೋರ್ ಅಂತಾರೆ, 560004 ಮಾತ್ರ ಯಾರು ಬರೆದರೂ ಬಸವನಗುಡಿಯೇ. ನಮ್ಮ ಹುಡುಗ ಸ್ಕೂಟರಿನಲ್ಲಿ ಹೋಗುವುದು ಬಸವನಗುಡಿ, ಚಾಮರಾಜಪೇಟೆಯ 560018, ಜಯನಗರದ 560011, ತ್ಯಾಗರಾಜನಗರದ 560028, ಬನಶಂಕರಿ ಎರಡನೇ ಹಂತದ 560070, ಇಷ್ಟಕ್ಕೆ. ಅಲ್ಲಿಗೆ ಡೆಲಿವರಿ ಉಚಿತ. ವೈಟ್‌ಫೀಲ್ಡಿನ 560066ಕ್ಕೆ ಹೋಗಿ ಬರುವಷ್ಟರಲ್ಲಿ ಅವನ ದಿನವೇ ಮುಗಿಯುತ್ತದೆ, ಅದಕ್ಕೆ ಕೊರಿಯರ್ರೇ ಸರಿ.

ವೂಕಾಮರ್ಸಿನಲ್ಲಿ ಇದಕ್ಕೆ ‘ವಲಯ’ಗಳನ್ನು ಮಾಡಬಹುದು. 560* ಎಂದು ಬರೆದರೆ 560ರಿಂದ ಶುರುವಾಗುವ ಎಲ್ಲವೂ ಸೇರುತ್ತದೆ. ಆದರೆ ತಂತ್ರಾಂಶ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿ, ಮೊದಲು ಹೊಂದಿದ ವಲಯದಲ್ಲೇ ನಿಂತುಬಿಡುತ್ತದೆ. ನಾನು ದೊಡ್ಡ ವಲಯವನ್ನು ಮೇಲಿಟ್ಟಿದ್ದೆ. ಅಂಗಡಿಯ ಎದುರು ಮನೆಯವರಿಗೂ ಕೊರಿಯರ್ ಚಾರ್ಜು ತೋರಿಸಿತು. ಅವರು ನಗುತ್ತಾ ರಸ್ತೆ ದಾಟಿ ಬಂದು ತಗೊಂಡು ಹೋದರು.

ಈಗ ನಿಪ್ಪಟ್ಟಿನ ಡಬ್ಬ. ಕೊರಿಯರ್‌ನವರು ತೂಕವೊಂದನ್ನೇ ನೋಡುವುದಿಲ್ಲ, ಗಾಡಿಯಲ್ಲಿ ಅದು ಎಷ್ಟು ಜಾಗ ತಿನ್ನುತ್ತದೆ ಎಂಬುದನ್ನೂ ನೋಡುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸಿದರೆ ಬರುವುದು ಗಾತ್ರದ ತೂಕ. ನಿಜವಾದ ತೂಕ, ಗಾತ್ರದ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. 30, 25, 20 ಸೆಂಟಿಮೀಟರಿನ ಡಬ್ಬಕ್ಕೆ 15000 ಆಯಿತು; 5000ದಿಂದ ಭಾಗಿಸಿದರೆ ಮೂರು. ಒಂದು ಕೆಜಿ ನಿಪ್ಪಟ್ಟಿಗೆ ಮೂರು ಕೆಜಿಯ ದರ! ಅದೇ ಒಂದು ಕೆಜಿ ಚಟ್ನಿಪುಡಿ ಅಂಗೈಯಗಲದ ಪೊಟ್ಟಣದಲ್ಲಿ ಹೋಗುತ್ತದೆ. ಚಿಕ್ಕಪ್ಪ ಈ ಸೂತ್ರ ಯಾವತ್ತೂ ಕೇಳಿದವರಲ್ಲ, ಆದರೆ ಅವರ ಪ್ರಶ್ನೆ ಇದೇ ಆಗಿತ್ತು. ಸಾಮಾನುಗಳನ್ನು ‘ಪುಡಿ’, ‘ಗಾಜಿನ ಬಾಟಲಿ’, ‘ಮುರಿಯುವ ತಿಂಡಿ’ ಎಂದು ಮೂರು ಸಾಗಣೆ ವರ್ಗ ಮಾಡಿ, ಮೂರನೆಯದಕ್ಕೆ ಡಬ್ಬದ ಅಳತೆ ಕಟ್ಟಿದೆ. ಆ ಹಳೆಯ ಎಂಟು ಸಾಲುಗಳು ಈಗ ಹುಕ್ಕಿನಲ್ಲಿ ನೇತಾಡುತ್ತಿವೆ.

ಸ್ಟಾಕಿನ ವಿಷಯದಲ್ಲಿ ಕೋಡಿಗಿಂತ ಕಪಾಟು ಮೇಲು. ಕಾರ್ಟಿಗೆ ಹಾಕಿದ ಮಾತ್ರಕ್ಕೆ ಸಾಮಾನು ಕಾದಿರಿಸಿದಂತಲ್ಲ. ಆರ್ಡರ್ ಆಗುವವರೆಗೆ ಅದು ಎಲ್ಲರದು. ಮೇಲಾಗಿ ಅಂಗಡಿಗೇ ಬಂದವರು ಕೊಂಡದ್ದು ಸೈಟಿಗೆ ತಿಳಿಯಬೇಕಲ್ಲ. ಬಿಲ್ಲಿಂಗ್ ಯಂತ್ರವನ್ನೂ ಸೈಟನ್ನೂ ಜೋಡಿಸುವ ಪ್ಲಗಿನ್‌ಗಳಿವೆ, ಆದರೆ ನಾವು ಒಂದು ಕಪಾಟನ್ನೇ ಆನ್‌ಲೈನ್ ಪಾಲಿಗೆ ಬೇರೆ ಇಟ್ಟೆವು. ಬೆಳಿಗ್ಗೆ ಎಣಿಸಿ ಸಂಖ್ಯೆ ಹಾಕಿದರೆ ಮುಗಿಯಿತು.

ಹೊಸೂರು ದೂರವೋ ಬೀದರ್ ದೂರವೋ

ತೆರಿಗೆಯ ಲೆಕ್ಕಕ್ಕೆ ನಕ್ಷೆಯ ದೂರ ಲೆಕ್ಕಕ್ಕಿಲ್ಲ. ಬೀದರ್ ಕರ್ನಾಟಕದ ಆ ತುದಿಯಲ್ಲಿದೆ, ಅಲ್ಲಿಗೆ ಕಳಿಸಿದರೆ ಕೇಂದ್ರದ ಸಿಜಿಎಸ್‌ಟಿ ಅರ್ಧ, ರಾಜ್ಯದ ಎಸ್‌ಜಿಎಸ್‌ಟಿ ಅರ್ಧ. ಅತ್ತಿಬೆಲೆ ದಾಟಿದರೆ ಸಿಗುವ ಹೊಸೂರು ತಮಿಳುನಾಡು, ಅದಕ್ಕೆ ಬೇರೆ ರಾಜ್ಯಕ್ಕೆ ಮಾರುವಾಗಿನ ಐಜಿಎಸ್‌ಟಿಯೇ ಪೂರ್ತಿ. ಬೇರೆ ರಾಜ್ಯಕ್ಕೆ ತೆರಿಗೆಯ ಸರಕು ಮಾರುವುದಾದರೆ, ಕರಕುಶಲ ವಸ್ತುಗಳಂಥ ಕೆಲವು ವಿನಾಯಿತಿ ಬಿಟ್ಟು, ವಹಿವಾಟು ಎಷ್ಟೇ ಸಣ್ಣದಿರಲಿ ಜಿಎಸ್‌ಟಿ ನೋಂದಣಿ ಬೇಕು. ನೋಂದಣಿ ಇಲ್ಲದ ಅಂಗಡಿ ಸೈಟಿನಲ್ಲಿ ಕರ್ನಾಟಕ ಬಿಟ್ಟು ಉಳಿದ ರಾಜ್ಯಗಳನ್ನು ಮುಚ್ಚಿಡುವುದೇ ಕ್ಷೇಮ. ಅದು ಸೆಟ್ಟಿಂಗ್ಸಿನಲ್ಲೇ ಆಗುತ್ತದೆ.

ದರವನ್ನು ಯಾವತ್ತೂ ಕೋಡಿನೊಳಗೆ ಬರೆಯಬೇಡಿ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದಾಗ ಪ್ಯಾಕೆಟ್ಟಿನ ಖಾರದ ತಿಂಡಿಗಳ ಮೇಲಿನದು 12ರಿಂದ ಶೇಕಡ 5ಕ್ಕೆ ಇಳಿಯಿತು. ದರ ಪಟ್ಟಿಯಲ್ಲಿದ್ದವರು ಒಂದು ಸಂಖ್ಯೆ ತಿದ್ದಿ ಮಲಗಿದರು. ಕೋಡಿನಲ್ಲಿ ಬರೆದವರು ಅದು ಎಲ್ಲೆಲ್ಲಿದೆ ಎಂದು ಹುಡುಕುತ್ತಾ ಕೂತರು.

ಇನ್ನು ಪೈಸೆಯ ತಮಾಷೆ. ನಮ್ಮ ದರಗಳು ಎಂಆರ್‌ಪಿ, ತೆರಿಗೆ ಅದರೊಳಗೇ ಇದೆ. 150 ರೂಪಾಯಿಯ ಪೊಟ್ಟಣದಲ್ಲಿ ಶೇಕಡ 5 ತೆರಿಗೆ ಎಷ್ಟು? ಏಳೂವರೆ ಅಲ್ಲ. 150ನ್ನು 105ರಿಂದ ಭಾಗಿಸಿ 5ರಿಂದ ಗುಣಿಸಬೇಕು: 7.142857, ಅಂದರೆ 7 ರೂಪಾಯಿ 14 ಪೈಸೆ. ಮೂರು ಪೊಟ್ಟಣಕ್ಕೆ 21.42. ಆದರೆ ಮೊದಲೇ ಮೂರನ್ನೂ ಕೂಡಿಸಿ 450ರ ಮೇಲೆ ಲೆಕ್ಕ ಹಾಕಿದರೆ 21.43. ಒಂದು ಪೈಸೆ ವ್ಯತ್ಯಾಸ. ಅದನ್ನು ಕೇಂದ್ರಕ್ಕೂ ರಾಜ್ಯಕ್ಕೂ ಸಮನಾಗಿ ಹಂಚಲು ಹೋದರೆ 21.43 ಸಮನಾಗಿ ಒಡೆಯುವುದಿಲ್ಲ, ತಲಾ 10.71 ಮಾಡಿದರೆ ಮತ್ತೆ 21.42. ಹೀಗಾಗಿ ಮೂರೇ ಪೊಟ್ಟಣ ತರಿಸಿದ ಹೊಸೂರಿನವರ ಬಿಲ್ಲಿನಲ್ಲೂ ಬೀದರಿನವರ ಬಿಲ್ಲಿನಲ್ಲೂ ತೆರಿಗೆ ಒಂದು ಪೈಸೆ ಬೇರೆ, ಎರಡೂ ಸರಿ. ಪೈಸೆಯನ್ನು ಸಾಲುಸಾಲಿಗೆ ರೌಂಡ್ ಮಾಡಬೇಕೋ ಒಟ್ಟು ಮೊತ್ತಕ್ಕೆ ರೌಂಡ್ ಮಾಡಬೇಕೋ ಎಂದು ತಂತ್ರಾಂಶದಲ್ಲಿ ಒಂದು ಆಯ್ಕೆ ಇರುತ್ತದೆ. ನಿಮ್ಮ ಆಡಿಟರ್ ಬಳಸುವ ಲೆಕ್ಕದ ತಂತ್ರಾಂಶ ಯಾವ ರೀತಿ ರೌಂಡ್ ಮಾಡುತ್ತದೋ ಇಲ್ಲೂ ಅದನ್ನೇ ಇಡಿ. ಇಲ್ಲದಿದ್ದರೆ ತಿಂಗಳ ಕೊನೆಗೆ ಮೂವತ್ತೇಳು ಪೈಸೆ ಎಲ್ಲಿ ಹೋಯಿತು ಎಂದು ಇಡೀ ಭಾನುವಾರ ಹುಡುಕಬೇಕಾಗುತ್ತದೆ.

ನಿಮ್ಮದೇ ಕೋಡಿನಲ್ಲಿ ಹಣ ಎಣಿಸುವಾಗ ರೂಪಾಯಿಯ ದಶಮಾಂಶ ಬೇಡ, ಪೈಸೆಯ ಪೂರ್ಣಾಂಕ ಇರಲಿ. ಕಂಪ್ಯೂಟರಿನ ದ್ವಿಮಾನ ಲೆಕ್ಕದಲ್ಲಿ 0.1ಕ್ಕೆ 0.2 ಕೂಡಿಸಿದರೆ ಸರಿಯಾಗಿ 0.3 ಬರುವುದಿಲ್ಲ, ಬಾಲದಲ್ಲಿ ಒಂದು ಚೂರು ಉಳಿಯುತ್ತದೆ. ಆನ್‌ಲೈನ್ ಪಾವತಿ ನಡೆಸಿಕೊಡುವ ನಮ್ಮೂರಿನ ರೇಜರ್‌ಪೇ ಕೂಡ ಮೊತ್ತವನ್ನು ಪೈಸೆಯಲ್ಲೇ ಕೇಳುತ್ತದೆ. 450 ರೂಪಾಯಿಗೆ 45000 ಎಂದು ಕಳಿಸಬೇಕು. 450 ಎಂದೇ ಕಳಿಸಿದರೆ ಗ್ರಾಹಕರಿಗೆ ನಾಲ್ಕೂವರೆ ರೂಪಾಯಿಗೆ ಮೂರು ಪೊಟ್ಟಣ.

ದುಡ್ಡು ಬಂತು, ಆರ್ಡರ್ ಬರಲಿಲ್ಲ

ಈ ದೂರು ಬಾರದ ಅಂಗಡಿಯಿಲ್ಲ. ಆಗುವುದು ಹೀಗೆ: ಗ್ರಾಹಕರು ಯುಪಿಐ ಆರಿಸುತ್ತಾರೆ, ಫೋನಿನಲ್ಲಿ ಪಾವತಿಯ ಆ್ಯಪ್ ತೆರೆಯುತ್ತದೆ, ಪಿನ್ ಒತ್ತುತ್ತಾರೆ, ಹಸಿರು ಗುರುತು ಕಾಣುತ್ತದೆ, ಫೋನ್ ಜೇಬಿಗೆ ಹೋಗುತ್ತದೆ. ಬ್ರೌಸರಿಗೆ ಅವರು ವಾಪಸು ಬರುವುದೇ ಇಲ್ಲ. ‘ಪಾವತಿ ಆಯಿತು’ ಎಂಬ ಸುದ್ದಿಯನ್ನು ಬ್ರೌಸರೇ ಹೊತ್ತು ತರಬೇಕು ಎಂದು ಕಾದು ಕೂತ ಸೈಟಿಗೆ ಆ ಸುದ್ದಿ ತಲುಪುವುದಿಲ್ಲ. ವೂಕಾಮರ್ಸ್ ಅಂಥ ಆರ್ಡರಿನ ಸ್ಟಾಕನ್ನು ತಾನಾಗಿ 60 ನಿಮಿಷ ಹಿಡಿದಿಟ್ಟು, ಆಮೇಲೆ ಆರ್ಡರನ್ನು ರದ್ದು ಮಾಡುತ್ತದೆ. ಅಲ್ಲಿಗೆ ದುಡ್ಡು ನಮ್ಮ ಖಾತೆಯಲ್ಲಿ, ಆರ್ಡರ್ ಕಸದ ಬುಟ್ಟಿಯಲ್ಲಿ, ಬೈಗುಳ ಫೋನಿನಲ್ಲಿ.

ಇದಕ್ಕೆ ಇರುವುದು ‘ವೆಬ್‌ಹುಕ್’. ಗ್ರಾಹಕರ ಫೋನನ್ನು ನೆಚ್ಚಿಕೊಳ್ಳದೆ ಪಾವತಿ ಸಂಸ್ಥೆಯ ಸರ್ವರೇ ನಮ್ಮ ಸರ್ವರಿನ ಬಾಗಿಲು ತಟ್ಟಿ ಹೇಳುತ್ತದೆ: ಇಂಥ ಆರ್ಡರಿನ ಹಣ ಬಂದಿದೆ. ತಟ್ಟಿದ್ದು ಅವರೇ ಹೌದೇ ಎಂದು ಡಿಜಿಟಲ್ ಸಹಿ ನೋಡಿಯೇ ಬಾಗಿಲು ತೆಗೆಯಬೇಕು, ಇಲ್ಲದಿದ್ದರೆ ಯಾರು ಬೇಕಾದರೂ ಬಂದು ‘ದುಡ್ಡು ಕೊಟ್ಟಾಯ್ತು’ ಎನ್ನಬಹುದು. ಒಂದೇ ಸುದ್ದಿ ಎರಡು ಸಲವೂ ಬರುತ್ತದೆ. ಮೊದಲ ಸಲ ಉತ್ತರ ತಡವಾದರೆ ಅವರು ಮತ್ತೆ ತಟ್ಟುತ್ತಾರೆ. ಎರಡನೇ ಸಲ ಬಂದಾಗ ಎರಡನೇ ಪಾರ್ಸಲ್ ಕಟ್ಟದಂತೆ ಕೋಡ್ ಇರಬೇಕು. ಕಾರ್ಡಿನ ಸಂಖ್ಯೆಯನ್ನಂತೂ ನಿಮ್ಮ ಸರ್ವರಿನಲ್ಲಿ ಇಟ್ಟುಕೊಳ್ಳುವ ಯೋಚನೆಯೇ ಬೇಡ. 2022ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ಅದಕ್ಕೆ ಅವಕಾಶ ಕೊಟ್ಟಿಲ್ಲ.

ಕನ್ನಡದಲ್ಲಿ ಅಂಗಡಿ ನಡೆಸಬೇಕು ಅಂದರೆ ಇನ್ನೊಂದಿಷ್ಟು ಕೆಲಸವಿದೆ. ಪುಟದಲ್ಲಿ ಚೆನ್ನಾಗಿ ಕಂಡ ಕನ್ನಡ ಪಿಡಿಎಫ್ ಬಿಲ್ಲಿನಲ್ಲಿ ಒತ್ತಕ್ಷರಗಳೆಲ್ಲ ಬಿಚ್ಚಿ ಚೆಲ್ಲಿದಂತೆ ಬಂದರೆ ಗಾಬರಿ ಬೇಡ. ಬಿಲ್ ತಯಾರಿಸುವ ಪ್ಲಗಿನ್ನಿನ ಒಳಗಿನ ಪಿಡಿಎಫ್ ಸಾಧನಕ್ಕೆ ಅಕ್ಷರ ಜೋಡಿಸಲು ಬರುತ್ತಿಲ್ಲ ಅಷ್ಟೆ. ಎಂಪಿಡಿಎಫ್‌ನಂಥ, ಭಾರತೀಯ ಲಿಪಿ ತಿಳಿದ ಸಾಧನ ಬಳಸುವ ಪ್ಲಗಿನ್ ಹುಡುಕಿ. ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಿಗೆ 160 ಅಕ್ಷರ ಸಿಕ್ಕಿದರೆ ಕನ್ನಡಕ್ಕೆ 70 ಮಾತ್ರ. ಅದರಲ್ಲೂ ‘ನಿಪ್ಪಟ್ಟು’ ನಮ್ಮ ಕಣ್ಣಿಗೆ ಮೂರಕ್ಷರ, ಯಂತ್ರದ ಎಣಿಕೆಯಲ್ಲಿ ಗುಣಿತ, ಒತ್ತು ಎಲ್ಲ ಸೇರಿ ಒಂಬತ್ತು. ‘ತಮ್ಮ ಅಮೂಲ್ಯ ಆದೇಶವನ್ನು ಸ್ವೀಕರಿಸಲಾಗಿದೆ’ ಎಂಬ ಗ್ರಾಂಥಿಕ ಬಿಟ್ಟು ‘ಆರ್ಡರ್ ತಲುಪಿತು, ನಾಳೆ ಕಳಿಸುತ್ತೇವೆ’ ಎನ್ನುವುದಕ್ಕೆ ಇದೂ ಒಂದು ಕಾರಣ. ಹುಡುಕಾಟದಲ್ಲಿ ‘ಚಟ್ನಿಪುಡಿ’ ಎಂದರೆ ಸಿಕ್ಕಿ ‘ಚಟ್ನಿ ಪುಡಿ’ ಎಂದರೆ ಸಿಗದೇ ಹೋಗಬಹುದು. ಜನ ಬರೆಯುವ ಎಲ್ಲ ರೂಪಗಳನ್ನೂ ಟ್ಯಾಗಿನಲ್ಲಿ ಹಾಕಿಟ್ಟಿದ್ದೇನೆ.

ಪರಿಚಯದ ಡೆವಲಪರ್ ಒಬ್ಬರು ಸಲಹೆ ಕೊಟ್ಟರು: ಚೆಕ್‌ಔಟಿನಲ್ಲಿ ಹತ್ತು ರೂಪಾಯಿಯ ‘ಗಿಫ್ಟ್ ಪ್ಯಾಕಿಂಗ್’ ಮೊದಲೇ ಟಿಕ್ ಆಗಿರಲಿ, ಯಾರೂ ತೆಗೆಯಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಹೆಸರಿಸಿ ತಡೆದ 13 ಬಗೆಯ ಮೋಸದ ವಿನ್ಯಾಸಗಳಲ್ಲಿ ಕೇಳದೆ ಬುಟ್ಟಿಗೆ ತುರುಕುವುದೂ ಒಂದು. ‘ಇನ್ನು ಎರಡೇ ಉಳಿದಿದೆ’ ಎಂದು ಸುಳ್ಳು ಅವಸರ ಹುಟ್ಟಿಸುವುದೂ ಅದರಲ್ಲೇ ಬರುತ್ತದೆ. ಚಿಕ್ಕಪ್ಪನಿಗೆ ಕಾನೂನು ಹೇಳುವ ಅಗತ್ಯ ಬೀಳಲಿಲ್ಲ. “ಕೇಳದೇ ಇದ್ದಿದ್ದನ್ನ ಚೀಲಕ್ಕೆ ಹಾಕಿದ್ರೆ ನಾಳೆ ಅವರು ಈ ರಸ್ತೇಲಿ ನನ್ನ ಮುಖ ನೋಡ್ತಾರಾ?” ಅಂದರು.

ಈಗ ಯಾವ ಬದಲಾವಣೆಯನ್ನೂ ಮೊದಲು ಸೈಟಿನ ನಕಲಿನ ಮೇಲೆ ಮಾಡುತ್ತೇನೆ. ಐದು ಆರ್ಡರ್ ಹಾಕಿ ನೋಡುತ್ತೇನೆ: ಬಸವನಗುಡಿ, ವೈಟ್‌ಫೀಲ್ಡ್, ಬೀದರ್, ಹೊಸೂರು, ಮತ್ತು ಪಾವತಿ ಮಾಡಿ ಬ್ರೌಸರ್ ಮುಚ್ಚಿದ್ದು ಒಂದು. ಗೌರಿ ಹಬ್ಬದ ಹಿಂದಿನ ವಾರ ಏನನ್ನೂ ಮುಟ್ಟುವುದಿಲ್ಲ.

ಹೋದ ಕಾರ್ತಿಕದಲ್ಲಿ ಚಿಕ್ಕಪ್ಪನ ಫೋನು ಬಂತು. “ಕಡೇ ಸೋಮವಾರ ಕಡಲೆಕಾಯಿ ಪರಿಷೆ ಕಣೋ. ಬುಲ್ ಟೆಂಪಲ್ ರಸ್ತೇಲಿ ಸ್ಕೂಟರ್ ಅಲ್ಲಾಡಲ್ಲ. ಅವತ್ತು ಮನೆಗೆ ಕಳಿಸ್ತೀವಿ ಅಂತ ನಿನ್ನ ಕಾರ್ಟು ಮಾತು ಕೊಡ್ತಿದೆಯಲ್ಲ?” ಕೊಡುತ್ತಿತ್ತು. ಪರಿಷೆ ಕಾರ್ತಿಕ ಮಾಸದ ಲೆಕ್ಕ, ನನ್ನ ಕೋಡಿನಲ್ಲಿದ್ದದ್ದು ಇಂಗ್ಲಿಷ್ ಕ್ಯಾಲೆಂಡರಿನ ತಾರೀಖು. ಹುಕ್ ಹುಡುಕಲು ಹೋಗಲಿಲ್ಲ. ಸೆಟ್ಟಿಂಗ್ಸಿನಲ್ಲಿ ‘ಡೆಲಿವರಿ ಇಲ್ಲದ ದಿನಗಳು’ ಎಂಬ ಖಾನೆ ಮಾಡಿ, ಅದರ ಪಾಸ್‌ವರ್ಡನ್ನು ಅವರಿಗೇ ಕೊಟ್ಟೆ. ಪ್ರತಿ ಯುಗಾದಿಗೆ ಹೊಸ ಪಂಚಾಂಗ ತಂದ ಮೇಲೆ ಅವರೇ ಕೂತು ತುಂಬುತ್ತಾರಂತೆ.